ಮಾಯಮ್ಮ ಒತ್ತಿದ ಸಾಕ್ಷಿ

ಹಾಸನದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಏಳುತ್ತದಂತೆ ಎಂಬ ಸುದ್ದಿ ಹಬ್ಬಿದಾಗ ಊರಿನ ಅರ್ಧ ಜನ ನಂಬಲಿಲ್ಲ, ಉಳಿದರ್ಧ ಜನ ಅದು ಬೀಳುವುದು ಯಾವಾಗ ಎಂದು ಕೇಳಿದರು. ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿ. ಮಹಡಿಯ ಮೇಲೊಂದು ಕೋಣೆ ಇದ್ದವರನ್ನೇ ಉಪ್ಪರಿಗೆ ಮನೆಯವರು ಎಂದು ಬೆರಳು ಮಾಡಿ ತೋರಿಸುತ್ತಿದ್ದ ಕಾಲ. ಕಾಲೇಜಿಗೆ ಸೇರುವ ಹುಡುಗರು ವರ್ಷವರ್ಷಕ್ಕೆ ಹೆಚ್ಚಾಗಿ, ಯೂನಿವರ್ಸಿಟಿಯಿಂದ ಮಂಜೂರಾತಿ ಬಂದು, ಪೇಟೆಯ ನಡುವೆ ಹಳೆಯ ಛತ್ರವಿದ್ದ ಜಾಗ ಸಿಕ್ಕಿತ್ತು. ಛತ್ರ ಕಟ್ಟಿಸಿದ್ದ ಮನೆತನದವರು ಜಾಗ ಬರೆದುಕೊಡುವಾಗ ಒಂದೇ ಒಂದು ಷರತ್ತು ಹಾಕಿದ್ದರು. ಹಿಂದೆ ಏನು ಬೇಕಾದರೂ ಕಟ್ಟಿಕೊಳ್ಳಿ, ಎಷ್ಟು ಎತ್ತರಕ್ಕಾದರೂ ಏರಿಸಿ, ಮುಂಗೋಡೆ ಮಾತ್ರ ಇದ್ದ ಹಾಗೇ ಇರಬೇಕು.

ಆ ಮುಂಗೋಡೆ ಅರವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಎತ್ತರ. ಇಟ್ಟಿಗೆ ಮತ್ತು ಗಾರೆಯದು. ನಡುವೆ ದೊಡ್ಡ ಬಾಗಿಲು, ಎರಡೂ ಕಡೆ ಮೂರು ಮೂರು ಕಮಾನಿನ ಕಿಟಕಿ. ಮೇಲೆ ಈ ತುದಿಯಿಂದ ಆ ತುದಿಯವರೆಗೆ ಗಾರೆಯಲ್ಲೇ ತಿದ್ದಿದ ಮಾವಿನೆಲೆಯ ತೋರಣ. ಕಟ್ಟಿಸಿದವರಿಗೆ ಅದು ಮನೆತನದ ಮರ್ಯಾದೆ. ಕಾಲೇಜಿನ ಕಮಿಟಿಯವರಿಗೆ ಅದು ತಲೆನೋವು. ದುದ್ದದ ಹತ್ತಿರದ ಕೇರಿಯ ಮಾಯಮ್ಮನಿಗೆ ಅದು ಗಂಡ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂವತ್ತನಾಲ್ಕನೆಯ ಇಸವಿಯಲ್ಲಿ ಛತ್ರ ಏಳುವಾಗ ಮಾಯಮ್ಮ ಹದಿನೇಳರ ಹೊಸ ಸೊಸೆ. ಗಂಡ ಲಕ್ಕಯ್ಯ ಗಾರೆ ಕೆಲಸದವನು, ತಮಿಳು ಸೀಮೆಯಿಂದ ಬಂದ ಒಬ್ಬ ಮೇಸ್ತ್ರಿಯ ಹಿಂದೆ ತಿರುಗಿ ವಿದ್ಯೆ ಕಲಿತಿದ್ದ. ಅವನು ಬಿದಿರು ಕಟ್ಟಿದ ಸಾರುವೆಯ ಮೇಲೆ, ಇವಳು ಕೆಳಗೆ. ಚನ್ನರಾಯಪಟ್ಟಣದ ಕಡೆಯ ಗೂಡಿನಲ್ಲಿ ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ಹೇಮಾವತಿಯ ಮರಳು ಬೆರೆಸಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಹಾಕಿ, ಎತ್ತು ಎಳೆಯುವ ಗಾಣದಲ್ಲಿ ಅರೆದು, ಆಮೇಲೆ ಅದನ್ನೇ ಕಲ್ಲಿನ ಮೇಲೆ ಕೈಯಲ್ಲಿ ಮತ್ತೆ ಅರೆಯಬೇಕು. ಚಟ್ನಿ ಅರೆದ ಹಾಗಲ್ಲ, ಕಣ್ಣಿಗೆ ಹಚ್ಚುವ ಕಾಡಿಗೆಯ ಹಾಗೆ ನುಣ್ಣಗೆ. ಲಕ್ಕಯ್ಯ ಎಲೆ ತಿದ್ದುವಾಗ ಕರಣೆಯನ್ನು ಪಕ್ಕಕ್ಕಿಟ್ಟು ಹೆಬ್ಬೆರಳಲ್ಲೇ ಒತ್ತಿ ಒತ್ತಿ ತಿದ್ದುತ್ತಿದ್ದ. ಇವತ್ತಿನ ಗಾರೆ ತರಿತರಿ ಅಂತ ಅವನು ಮೇಲಿನಿಂದ ಗೊಣಗಿದರೆ, ಹಾಗಾದರೆ ಇಳಿದು ಬಂದು ನೀವೇ ಅರೆಯಿರಿ ಅಂತ ಇವಳು ಕೆಳಗಿನಿಂದ ಹೇಳುವಳು. ಇಬ್ಬರ ಸಂಸಾರದಲ್ಲಿ ಜಗಳವೆಂದರೆ ಇಷ್ಟೇ, ಪ್ರೀತಿ ಎಂದರೂ ಬಹುಮಟ್ಟಿಗೆ ಇದೇ.

ಕಟ್ಟಿ ಮುಗಿಯಿತು, ಪುಣ್ಯಾಹವಾಯಿತು. ಅಲ್ಲಿಗೆ ಕಟ್ಟಿದವರ ಕೆಲಸವೂ ಮುಗಿಯಿತು, ಪ್ರವೇಶವೂ ಮುಗಿಯಿತು. ಎರಡು ವರ್ಷ ಮೈಕೈ ಸವೆಸಿದ ಗೋಡೆಯನ್ನು ಅವರ ಕೇರಿಯ ಜನ ಇನ್ನು ರಸ್ತೆಯ ಆಚೆ ನಿಂತು ನೋಡಬೇಕು, ಜಗಲಿ ಹತ್ತುವ ಹಾಗಿಲ್ಲ. ಆ ಕಾಲ ಅಂಥದು, ನ್ಯಾಯ ಅಂಥದು. ಸಂತೆಗೆ ಬಂದ ದಿನ ಗಂಡಹೆಂಡತಿ ಎದುರಿನ ಹುಣಸೆಮರದ ಕೆಳಗೆ ಕೂತು ಗೋಡೆ ನೋಡುತ್ತಿದ್ದರು. ಕಿಟಕಿಯ ಮೇಲಿನ ಆ ಎಲೆ ನೀನು ಜ್ವರ ಬಂದು ಮಲಗಿದ್ದ ದಿನದ್ದು ಅಂತ ಲಕ್ಕಯ್ಯ ತೋರಿಸುವನು. ಹಾಗಾದರೆ ಆ ಗಾರೆ ಯಾರು ಅರೆದರು ಅಂತ ಮಾಯಮ್ಮ ಕೇಳುವಳು. ಅದು ಮಾತ್ರ ಅವನು ಹೇಳುತ್ತಿರಲಿಲ್ಲ.

ನಲವತ್ತಮೂರರಲ್ಲಿ ಚಳಿಜ್ವರ ಬಂದು ಲಕ್ಕಯ್ಯ ಹೋಗಿಬಿಟ್ಟ. ಮಗ ಸಣ್ಣಯ್ಯನಿಗೆ ಆಗ ಎರಡು ವರ್ಷ. ಒಂದು ಫೋಟೋ ಇಲ್ಲ, ಹೆಸರು ಬರೆದ ಒಂದು ಕಾಗದವಿಲ್ಲ. ಹನ್ನೊಂದನೆಯ ದಿನದ ಕಾರ್ಯ ಕಳೆದ ಮಾರನೆಯ ದಿನವೇ ಮಾಯಮ್ಮ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಯಾರದೋ ಬಾವಿಕಟ್ಟೆಗೆ ಗಾರೆ ಅರೆಯಲು ಹೋದಳು. ಅಳುವುದಕ್ಕೂ ಪುರಸೊತ್ತು ಬೇಕು, ಅದು ಅವಳಿಗೆ ಸಿಗಲಿಲ್ಲ. ಸಿಕ್ಕಿದ್ದು ಸಂತೆಯ ದಿನ, ಹುಣಸೆಮರದ ಕೆಳಗಿನ ಆ ಅರ್ಧ ಗಳಿಗೆ. ಮಗನಿಗೂ ತೋರಿಸುವಳು, ಇದು ನಿಮ್ಮಪ್ಪ ಕಣ್ಲಾ ಅಂತ. ಇಸ್ಕೂಲಿಗೆ ಸೇರಿಸಿದ ದಿನ ಮೇಷ್ಟರು ನಿಮ್ಮಪ್ಪ ಏನು ಮಾಡುತ್ತಾನೆ ಎಂದು ಕೇಳಿದ್ದಕ್ಕೆ, ನಮ್ಮಪ್ಪ ಹಾಸನದಲ್ಲಿ ಗೋಡೆ ಆಗವ್ನೆ ಅಂತ ಸಣ್ಣಯ್ಯ ಹೇಳಿ ಇಡೀ ಕ್ಲಾಸನ್ನು ನಗಿಸಿದ್ದನಂತೆ. ದೊಡ್ಡವನಾದ ಮೇಲೆ ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಸಿಮೆಂಟ್ ಕೆಲಸ ಕಲಿತ. ಗಾರೆ ಅನ್ನುವುದು ಮುದುಕರ ಕೆಲಸ ಅನ್ನುತ್ತಿದ್ದ.

ಕಾಲೇಜಿನ ಕೆಲಸ ನೋಡಿಕೊಳ್ಳಲು ಬಂದ ಎಂಜಿನಿಯರ್ ಪಾಲಾಕ್ಷ ಕೊಣನೂರಿನ ಹುಡುಗ, ಇಪ್ಪತ್ತಾರರ ಪ್ರಾಯ. ಷರತ್ತಿನ ಪ್ರಕಾರ ಮುಂಗೋಡೆಯ ಕಿತ್ತುಹೋದ ಜಾಗಗಳಿಗೆ ಸಿಮೆಂಟು ಮೆತ್ತಿಸಿದ. ಒಂದು ಮಳೆ ಬಿದ್ದದ್ದೇ ತಡ, ಸಿಮೆಂಟು ಹಪ್ಪಳದ ಹಾಗೆ ಉಬ್ಬಿ, ಬೀಳುವಾಗ ಹಳೆಯ ಗಾರೆಯನ್ನೂ ಕಿತ್ತುಕೊಂಡು ಬಿತ್ತು. ಈ ಗೋಡೆಗೆ ಗಾರೆಯೇ ಆಗಬೇಕು, ಗಾರೆ ಅರೆಯುವವರು ಈಗ ಯಾರಿದ್ದಾರೆ ಎಂದು ಅವನು ಹುಡುಕುತ್ತಿದ್ದಾಗ, ಸೆಂಟ್ರಿಂಗ್ ಕೆಲಸಕ್ಕೆ ಬರುತ್ತಿದ್ದ ಸಣ್ಣಯ್ಯನೇ ತಲೆ ಕೆರೆದುಕೊಳ್ಳುತ್ತಾ ನಮ್ಮವ್ವ ಅರೀತಾಳೆ ಸಾ ಅಂದ. ಪಾಲಾಕ್ಷ ದುದ್ದದ ಬಸ್ಸು ಹತ್ತಿ ತಾನೇ ಕೇರಿಗೆ ಹೋದ. ಮಾಯಮ್ಮ ಎದ್ದು ನಿಂತು ಬುದ್ಧಿ ಅಂದಳು. ನಾನು ನಿಮ್ಮ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವನಷ್ಟೆ, ಹಾಗೆಲ್ಲ ಕರೆಯಬೇಡಿ ಎಂದು ಅವನು ಹೇಳಿದ ಮೇಲೆ ಸಾ ಎನ್ನುವುದಕ್ಕೆ ಒಪ್ಪಿಕೊಂಡಳು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಮಾರನೆಯ ದಿನ ಅವಳು ಬಂದು ಗೋಡೆಯ ಮೇಲೆ ಅಂಗೈ ಇಟ್ಟಳು. ಇಪ್ಪತ್ತಾರು ವರ್ಷದ ಮೇಲೆ ಮೊದಲ ಸಲ. ತುಂಬ ಹೊತ್ತು ಹಾಗೇ ನಿಂತಿದ್ದಳು. ತೇವ ಎಷ್ಟಿದೆ ಎಂದು ನೋಡುತ್ತಿದ್ದಾಳೆ ಅಂತ ಪಾಲಾಕ್ಷ ತಿಳಿದುಕೊಂಡ.

ಗಾಣ ಹೂಡಿದರು, ಗಾರೆ ಸಿದ್ಧವಾಗುತ್ತಾ ಬಂತು. ಅಷ್ಟರಲ್ಲಿ ಗಂಡಾಂತರ ಬಂದದ್ದು ಬೇರೆ ಕಡೆಯಿಂದ. ಹಿಂದಿನ ಛತ್ರವನ್ನೆಲ್ಲ ಕೆಡವಿ, ಮುಂಗೋಡೆ ಒಂದನ್ನು ಒಂಟಿಯಾಗಿ ಉಳಿಸಿ, ಸರ್ವೆ ಮರದ ಕಂಬಗಳನ್ನು ಓರೆಯಾಗಿ ಆನಿಸಿ ನಿಲ್ಲಿಸಿದ್ದರು. ಕಂಟ್ರಾಕ್ಟರ್ ರಂಗಸ್ವಾಮಿ ಹೊಳೆನರಸೀಪುರದವರು, ಕೆಲಸ ಬಲ್ಲ ಮನುಷ್ಯ, ಆದರೆ ಬೆನ್ನಿಗೆ ಬೆಂಕಿ ಬಿದ್ದವರ ಹಾಗೆ ಯಾವಾಗಲೂ ಅವಸರ. ಹೊಸ ಕಟ್ಟಡದ ತಳಪಾಯದ ಗುಂಡಿಯನ್ನು ಅವರು ಗೋಡೆಗೆ ಮೂರೇ ಅಡಿ ಬಿಟ್ಟು ತೋಡಿಸಿದರು. ಆಶ್ಲೇಷ ಮಳೆ ಮೂರು ದಿನ ಬಿಡದೆ ಸುರಿದು ಗುಂಡಿ ಕೆರೆಯಾಯಿತು. ನಾಲ್ಕನೆಯ ದಿನ ನೋಡಿದರೆ ಬಾಗಿಲ ಎಡಗಡೆ, ತೋರಣದ ಮೇಲಿನಿಂದ ಕಿಟಕಿಯ ಮೂಲೆಯವರೆಗೆ ಒಂದು ಬಿರುಕು ಇಳಿದಿತ್ತು.

ಕಮಿಟಿ ಸೇರಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ, ಒಂದು ದಿನದಲ್ಲಿ ಕೆಡವಿ ಸಿಮೆಂಟಿನಲ್ಲಿ ಇಂಥದೇ ಗೋಡೆ ಎಬ್ಬಿಸಿಕೊಡುತ್ತೇನೆ ಎಂದರು ರಂಗಸ್ವಾಮಿ. ಮನೆತನದವರು ಒಲ್ಲೆವೆಂದರು. ಪಾಲಾಕ್ಷ ಐದು ವಾರ ಕೇಳಿದ. ಅಷ್ಟರಲ್ಲಿ ಮೊದಲನೆಯ ಅಂತಸ್ತಿನ ಚಾವಣಿಗೆ ಕಾಂಕ್ರೀಟಿನ ಮೋಲ್ಡ್ ಬೀಳುತ್ತದೆ, ಅದರಿಂದ ಕಬ್ಬಿಣದ ಸರಳು ಹೊರಡಿಸಿ ಹಳೆಯ ಗೋಡೆಯನ್ನು ಹೊಸ ಕಟ್ಟಡಕ್ಕೆ ಕಟ್ಟಿಹಾಕಿದರೆ ಮತ್ತೆ ಭಯವಿಲ್ಲ ಎಂಬುದು ಅವನ ಲೆಕ್ಕ. ಕೊನೆಗೆ ತೀರ್ಮಾನವಾಯಿತು. ಮೋಲ್ಡ್ ಬೀಳುವವರೆಗೆ ಬಿರುಕು ಅಲುಗದಿದ್ದರೆ ಗೋಡೆ ಉಳಿಯುತ್ತದೆ. ಒಂದು ಕೂದಲೆಳೆ ಬೆಳೆದರೂ ಇಡೀ ಗೋಡೆ ಕೆಳಕ್ಕೆ.

ಬೆಳೆಯಿತೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ದಾರಿ ಹೇಳಿದವಳು ಮಾಯಮ್ಮ. ಹಳೆಯ ಗಾರೆಯವರಲ್ಲಿ ಸಾಕ್ಷಿ ಬಿಲ್ಲೆ ಇಡುವ ಪದ್ಧತಿಯೊಂದಿತ್ತು. ಬಿರುಕಿನ ಆ ದಡಕ್ಕೂ ಈ ದಡಕ್ಕೂ ಹಿಡಿಯುವ ಹಾಗೆ ಅಂಗೈಯಗಲದ ತೆಳ್ಳನೆಯ ಗಾರೆ ಬಿಲ್ಲೆ ಮೆತ್ತಿ ಒಣಗಲು ಬಿಡುವುದು. ಒಣಗಿದ ಬಿಲ್ಲೆ ಬಾಗುವುದಿಲ್ಲ. ಗೋಡೆ ಒಂದು ಚೂರು ಅಲುಗಿದರೂ ನಡುವೆ ಸೀಳುತ್ತದೆ. ಬಿಲ್ಲೆ ಇಟ್ಟವರು ಹಸಿ ಗಾರೆಯ ಮೇಲೆ ತಮ್ಮ ಹೆಬ್ಬೆಟ್ಟು ಒತ್ತಬೇಕು. ಓದು ಬರಹ ಇಲ್ಲದವರ ಸಹಿ ಅದು. ಕಾಗದದ ಮೇಲೆ ಒತ್ತಿದ್ದಕ್ಕೆ ಕೋರ್ಟಿದೆ, ಗಾರೆಯ ಮೇಲೆ ಒತ್ತಿದ್ದಕ್ಕೆ ಒತ್ತಿದವರ ಮನಸ್ಸೇ ಕೋರ್ಟು.

ಪಾಲಾಕ್ಷನಿಗೆ ಇದು ಹಿಡಿಸಿತು. ಮಾಯಮ್ಮ ಬಿರುಕಿನುದ್ದಕ್ಕೂ ಐದು ಬಿಲ್ಲೆ ಇಟ್ಟು ಐದಕ್ಕೂ ಬಲಗೈ ಹೆಬ್ಬೆಟ್ಟು ಒತ್ತಿದಳು. ದಿನಾ ಬೆಳಿಗ್ಗೆ ಜನ ಬರುವ ಮೊದಲು ಸಾರುವೆ ಹತ್ತಿ ಐದನ್ನೂ ಬೆರಳಲ್ಲಿ ಸವರಿ ನೋಡಿ ಬಂದು ಅವನಿಗೆ ಹೇಳುವುದು ಅವಳ ಕೆಲಸ. ಐದೂ ಗಟ್ಟಿ ಅವೆ ಸಾ ಅಂತ ಅವಳು ಹೇಳಿದ ಮೇಲೆ ಅವನು ಆಳುಗಳನ್ನು ಗೋಡೆಯ ಬಳಿಗೆ ಬಿಡುತ್ತಿದ್ದ.

ಒಂದು ವಾರ ಕಳೆಯಿತು, ಎರಡಾಯಿತು, ಮೂರಾಯಿತು. ಮಾಯಮ್ಮ ಬರುವಾಗ ಎದೆ ಹಿಡಿದುಕೊಂಡು ಬಂದು, ಇಳಿಯುವಾಗ ಹಗುರಾಗಿ ಇಳಿಯುತ್ತಿದ್ದಳು. ತೋರಣ ಈಗ ಅವಳ ಮುಖದ ಮಟ್ಟಕ್ಕೇ ಸಿಗುತ್ತಿತ್ತು. ಎಲೆಯ ಹೊಟ್ಟೆಯಲ್ಲಿ ಲಕ್ಕಯ್ಯನ ಹೆಬ್ಬೆರಳು ಒತ್ತಿದ ಗುಳಿ ಹಾಗೇ ಇತ್ತು. ತನ್ನ ಹೆಬ್ಬೆರಳನ್ನು ಅದರೊಳಗೆ ಇಟ್ಟರೆ ಸುತ್ತ ಇನ್ನೂ ಜಾಗ ಉಳಿಯುತ್ತಿತ್ತು. ಅವನ ಬೆರಳು ದಪ್ಪ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಮರೆತದ್ದಕ್ಕೆ ನಾಚಿಕೆಯೂ ಆಯಿತು, ನೆನಪಾದದ್ದಕ್ಕೆ ಸಂತೋಷವೂ ಆಯಿತು.

ನಾಲ್ಕನೆಯ ವಾರದ ಗುರುವಾರ ಬೆಳಿಗ್ಗೆ ಮೂರನೆಯ ಬಿಲ್ಲೆ ಸೀಳಿತ್ತು.

ಒಣಗುವಾಗ ಬರುವ ಜೇಡರ ಬಲೆಯಂಥ ಬಿರುಕಲ್ಲ. ಹೆಬ್ಬೆಟ್ಟಿನ ಗುರುತಿನ ನಡುವೆ ನೆಟ್ಟಗೆ ಒಂದೇ ಗೀರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಬೇಕು, ಗೋಡೆ ಅಲುಗಿತ್ತು. ಮಾಯಮ್ಮ ಸಾರುವೆಯ ಮೇಲೆ ಕೂತುಬಿಟ್ಟಳು. ಮೋಲ್ಡ್ ಬೀಳುವುದಕ್ಕೆ ಎಂಟೇ ದಿನ. ಇಳಿದು ಹೋಗಿ ಹೇಳಿದರೆ ಸಂಜೆಯೊಳಗೆ ರಂಗಸ್ವಾಮಿಯವರ ಆಳುಗಳು ಹಾರೆ ಹಿಡಿದುಕೊಂಡು ಬರುತ್ತಾರೆ. ಲೋಕದಲ್ಲಿ ಲಕ್ಕಯ್ಯ ಅಂತ ಒಬ್ಬ ಇದ್ದ ಅನ್ನುವುದಕ್ಕೆ ಉಳಿದಿರುವುದು ಇದೊಂದೇ. ಇದೂ ಹೋದರೆ ಅವನು ಇನ್ನೊಂದು ಸಲ ಸತ್ತ ಹಾಗೆ. ಬರೀ ಒಂದು ಬಿಲ್ಲೆ, ಉಳಿದ ನಾಲ್ಕು ಗಟ್ಟಿಯಾಗಿಯೇ ಇವೆ, ಎಂಟು ದಿನ ಎಷ್ಟರದು ಎಂದು ಮನಸ್ಸು ಒಳಗಿನಿಂದ ಪಿಸುಗುಟ್ಟಿತು.

ಅವಳು ಇಳಿದು ಒಂದು ಮುಷ್ಟಿ ಗಾರೆ ತಂದಳು. ಸೀಳಿದ ಬಿಲ್ಲೆಯನ್ನು ಕಿತ್ತು ಹೊಸದನ್ನು ಮೆತ್ತಿದಳು. ಹಸಿ ಬಣ್ಣ ಕಾಣದಿರಲಿ ಎಂದು ಒಣ ಸುಣ್ಣದ ಪುಡಿ ಸವರಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಐದೂ ಗಟ್ಟಿ ಅವೆ ಸಾ ಅಂತ ಪಾಲಾಕ್ಷನಿಗೆ ಹೇಳಿದಳು. ಅವನು ಕೆಳಗಿನಿಂದ ಕಣ್ಣೆತ್ತಿ ನೋಡಿ ತಲೆಯಾಡಿಸಿದ. ಇನ್ನೆಂಟು ದಿನ ಮಾಯಮ್ಮ, ನಾವು ಗೆದ್ದೆವು ಅಂದ. ಅವನು ಬೈದಿದ್ದರೆ, ಸಂಶಯಪಟ್ಟಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಅವಳಿಗೊಂದು ಎಲೆಅಡಿಕೆ ಕೊಟ್ಟು ಹೋದ. ಅವಳಿಗೆ ಅದನ್ನು ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.

ಶುಕ್ರವಾರ ಅವಳು ಉಣ್ಣಲಿಲ್ಲ. ಮೈ ಹುಷಾರಿಲ್ಲವೇ ಎಂದು ಸಣ್ಣಯ್ಯ ಕೇಳಿದರೆ ಸೆಕೆ ಅಂದಳು. ಬಲಗೈ ಹೆಬ್ಬೆರಳನ್ನು ಸೆರಗಿನಲ್ಲಿ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಗಾರೆ ಎಂದೋ ಹೋಗಿತ್ತು, ಒರೆಸುವುದು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಬಿಲ್ಲೆಗಳನ್ನು ಸವರುವಾಗ ಮೂರನೆಯದನ್ನು ಮುಟ್ಟದೆ ಇಳಿದು ಬಂದಿದ್ದಳು. ಶನಿವಾರವೂ ಹಾಗೇ ಮಾಡಿದಳು.

ಶನಿವಾರ ಬಿಸಿಲು ಚುರುಗುಟ್ಟುತ್ತಿತ್ತು. ಕಲ್ಲುಜಲ್ಲಿ ಹೊರಲು ಅರಕಲಗೂಡಿನ ಕಡೆಯಿಂದ ಹೊಸದಾಗಿ ಬಂದ ಮಾರಮ್ಮ ಎಂಬ ಹುಡುಗಿಗೆ ಐದು ತಿಂಗಳ ಕೂಸು. ದಿನಾ ಹುಣಸೆಮರಕ್ಕೆ ಸೀರೆಯ ತೊಟ್ಟಿಲು ಕಟ್ಟುತ್ತಿದ್ದಳು. ಆ ದಿನ ಮರದ ಕೆಳಗೆ ಕಬ್ಬಿಣ ಇಳಿಸುತ್ತಿದ್ದರಿಂದ, ಗೋಡೆಯ ನೆರಳಿನಲ್ಲಿ ಎರಡು ಸರ್ವೆ ಕಂಬಗಳ ನಡುವೆ ಕಟ್ಟಿ ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಾಯಮ್ಮ ನೀರು ಕುಡಿಯಲು ಆ ಕಡೆ ಹಾದುಹೋದಾಗ ಕೂಸು ನಿದ್ದೆ ಮಾಡುತ್ತಿತ್ತು. ಬಗ್ಗಿ ನೋಡಿದಳು. ಕೂಸಿನ ಕೆನ್ನೆಯ ಮೇಲೂ ರೆಪ್ಪೆಯ ಮೇಲೂ ಬಿಳಿಯ ಪುಡಿ ಉದುರಿತ್ತು.

ಆ ಪುಡಿ ಯಾವುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ತಾನೇ ಅರೆದ ಗಾರೆ ಅದು, ಬಿರುಕಿನ ಒಳಗಿನಿಂದ ಉದುರುತ್ತಿತ್ತು.

ಮಾಯಮ್ಮ ಕೂಸನ್ನು ಎತ್ತಿ ಎದೆಗೊತ್ತಿಕೊಂಡು ದೂರ ಬಂದಳು. ಮಾರಮ್ಮನ ಕೈಗೆ ಕೊಟ್ಟು, ಆ ಕಡೆಗೆ ಯಾರೂ ಹೋಗಬೇಡಿ ಎಂದಳು. ಅಲ್ಲಿಂದ ನೆಟ್ಟಗೆ ಪಾಲಾಕ್ಷ ಕೂತಿದ್ದ ತಗಡಿನ ಶೆಡ್ಡಿಗೆ ಹೋದಳು. ರಂಗಸ್ವಾಮಿಯವರೂ ಅಲ್ಲೇ ಇದ್ದರು.

"ಮೂರ್ನೇ ಬಿಲ್ಲೆ ಗುರ್ವಾರ್ವೇ ಸೀಳಿತ್ತು ಸಾ," ಎಂದಳು. "ನಾನೇ ಕಿತ್ತಾಕಿ ಬ್ಯಾರೆ ಮಡಗ್ದೆ. ನಿಮ್ಗೆ ಸುಳ್ಳು ಯೇಳ್ಬುಟ್ಟೆ."

ಪಾಲಾಕ್ಷ ತಟ್ಟನೆ ಎದ್ದ. ಮೊದಲು ಜನರನ್ನೆಲ್ಲ ಗೋಡೆಯಿಂದ ದೂರ ಕಳಿಸಿದ. ಆಮೇಲೆ ತಾನೇ ಸಾರುವೆ ಹತ್ತಿ, ಆ ಬಿಲ್ಲೆಯನ್ನು ಕಿತ್ತು, ಬಿರುಕಿನೊಳಗೆ ಬೆರಳು ಇಟ್ಟ. ಉಗುರಿನವರೆಗೆ ಒಳಗೆ ಹೋಯಿತು. ಇಳಿದು ಬಂದಾಗ ಅವನ ಮುಖ ಸುಣ್ಣವಾಗಿತ್ತು. ಎರಡು ದಿನ ಮೂವತ್ತು ಜನರನ್ನು ಆ ಗೋಡೆಯ ಕೆಳಗೆ ಓಡಾಡಿಸಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ. ಆಗ ಮಾಯಮ್ಮ ತೋರಣದ ವಿಷಯವನ್ನೆಲ್ಲ ಹೇಳಿದಳು. ಗಂಡನ ಹೆಸರು ಹೇಳುವ ವಾಡಿಕೆ ಇಲ್ಲದ್ದರಿಂದ ಹೆಸರನ್ನು ಅಷ್ಟರಲ್ಲಿ ಓಡಿ ಬಂದಿದ್ದ ಮಗನಿಂದ ಹೇಳಿಸಿದಳು. ಅಲ್ಲಿಯವರೆಗೆ ಪಾಲಾಕ್ಷನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಎರಡು ದಿನ ಮುಚ್ಚಿಟ್ಟವರು ಈಗ ಯಾಕೆ ಹೇಳಿದಿರಿ ಎಂದು ಮತ್ತೆ ಕೇಳಿದ. ಕೋಪಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ.

"ನಮ್ಮೋರು ಇದ್ದಿದ್ರೆ ಮೊದ್ಲು ಆ ಕೂಸ್ನ ಎತ್ಕತಿದ್ರು ಸಾ. ಗ್ವಾಡೆ ಆಮ್ಯಾಕೆ. ಅವ್ರ ಗ್ವಾಡೆ ಉಳಿಸಾಕೋಗಿ ನಾನು ಅವ್ರನ್ನೇ ಮರ್ತ್ಬುಟ್ಟಿದ್ದೆ."

ಸಂಜೆಯೇ ಕಮಿಟಿ ಸೇರಿತು. ಬಿಲ್ಲೆ ಸೀಳಿದರೆ ಇಡೀ ಗೋಡೆ ಕೆಳಕ್ಕೆ ಎಂಬುದು ಮೊದಲೇ ಆದ ಮಾತು. ಪಾಲಾಕ್ಷ ಅಡ್ಡ ನಿಂತ. ಬಾಗಿಲು ಮತ್ತು ಬಲಗಡೆ ಕಲ್ಲಿನ ಹಾಗೆ ನಿಂತಿದೆ, ಅಲುಗಿರುವುದು ಎಡಭಾಗ ಒಂದೇ, ಅದನ್ನು ಮಾತ್ರ ಇಟ್ಟಿಗೆ ಇಟ್ಟಿಗೆಯಾಗಿ ಇಳಿಸಿ ಮತ್ತೆ ಕಟ್ಟೋಣ, ಇನ್ನೆರಡು ದಿನ ತಡವಾಗಿದ್ದರೆ ಪೂರ್ತಿ ಹೋಗುತ್ತಿತ್ತು, ಈ ಹೆಂಗಸು ಬಾಯಿಬಿಟ್ಟದ್ದರಿಂದ ಅರ್ಧ ಉಳಿದಿದೆ ಎಂದು ವಾದಿಸಿದ. ಸುಳ್ಳು ಹೇಳಿದವಳ ಮಾತು ಕಟ್ಟಿಕೊಂಡು ಕೂರುವುದೇ ಎಂದು ಯಾರೋ ಅಂದರು. ಎಲ್ಲರೂ ರಂಗಸ್ವಾಮಿಯವರ ಕಡೆ ನೋಡಿದರು. ಮೊದಲಿನಿಂದ ಕೆಡವಿ ಕೆಡವಿ ಎನ್ನುತ್ತಿದ್ದವರು ಅವರೇ ತಾನೆ.

ರಂಗಸ್ವಾಮಿಯವರು ಕೈಯಲ್ಲಿದ್ದ ಛತ್ರಿಯ ತುದಿಯಿಂದ ನೆಲ ಕೆದಕಿದರು. "ಸಾಕ್ಸಿ ಯೇಳೋರು ಸುಳ್ಳು ಯೇಳಾದು ಬೇಕಾದಷ್ಟು ಕಂಡಿವ್ನಿ," ಎಂದರು. "ಸುಳ್ಳು ಯೇಳ್ಬುಟ್ಟು ತಾನಾಗೇ ಬಂದು ಒಪ್ಕಂಡಿದ್ದು ಇವತ್ತೇ ಕಂಡಿದ್ದು. ಗುಂಡಿ ಅತ್ರಕ್ಕೆ ತೋಡ್ಸಿದ್ದು ನಾನು. ನಾನೇನು ಬಂದು ಒಪ್ಕಂಡಿದ್ನಾ?" ಎಡಭಾಗವನ್ನು ಇಳಿಸಿ ಕಟ್ಟುವ ಕೆಲಸ ತಮ್ಮ ಮೇಲೇ ಇರಲಿ ಎಂದು ಹೇಳಿ ಎದ್ದು ಹೋದರು. ಅವರ ಜಾತಕದಲ್ಲೇ ಇಲ್ಲದ ಒಳ್ಳೆಯತನ ಅಂದು ಎಲ್ಲಿಂದ ಬಂತೋ ಎಂದು ಊರವರು ಬಹಳ ದಿನ ಆಡಿಕೊಂಡರು. ಒಳ್ಳೆಯತನ ಒಳಗೇ ಇರುತ್ತದೆ, ಹೊರಗೆ ಬರಲು ಯಾರಾದರೂ ದಾರಿ ತೋರಿಸಬೇಕಷ್ಟೆ.

ಕಮಿಟಿ ಒಪ್ಪಿತು. ಸೋಮವಾರ ಎಡಭಾಗವನ್ನು ಇಳಿಸಲು ಶುರು ಮಾಡಿದರು. ನೀವು ಇವತ್ತು ಮನೆಯಲ್ಲೇ ಇರಿ ಎಂದು ಪಾಲಾಕ್ಷ ಹೇಳಿಕಳಿಸಿದ್ದ. ಮಾಯಮ್ಮ ಕೇಳಲಿಲ್ಲ. ಮೇಲಿನಿಂದ ಇಳಿಯುವ ಇಟ್ಟಿಗೆಯನ್ನು ತಾನೇ ತಲೆಯ ಮೇಲೆ ಹೊತ್ತು ಒಂದು ಕಡೆ ಜೋಡಿಸಿದಳು. ತೋರಣ ಉದುರಿ ಬಂದಾಗ ಎಲೆಗಳಲ್ಲಿ ಒಂದೂ ಇಡಿಯಾಗಿ ಸಿಗಲಿಲ್ಲ. ಅವಳು ಬುಟ್ಟಿ ಕೆಳಗಿಟ್ಟು, ಆ ಚೂರುಗಳ ಮುಂದೆ ಕೂತು ಗಟ್ಟಿಯಾಗಿ ಅತ್ತಳು. ಸುತ್ತಲಿದ್ದವರಿಗೆ ಗೋಡೆಗೆ ಯಾರಾದರೂ ಹೀಗೆ ಅಳುತ್ತಾರೆಯೇ ಎಂದು ಸೋಜಿಗವಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಅಳಬೇಕಾಗಿದ್ದುದನ್ನು ಅವಳು ಅಳುತ್ತಿದ್ದಾಳೆ ಎಂಬುದು ಸಣ್ಣಯ್ಯನಿಗೆ ಮಾತ್ರ ಅರ್ಥವಾಯಿತು. ಅವನು ಬಂದು ಅವ್ವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಒಂದೊಂದೇ ಚೂರು ಎತ್ತಿ ನೋಡುತ್ತಿದ್ದ. ಒಂದು ಚೂರಿನಲ್ಲಿ ಹೆಬ್ಬೆರಳ ಗುಳಿ ಇತ್ತು. ತನ್ನ ಬೆರಳನ್ನು ಅದರೊಳಗೆ ಇಟ್ಟು ತುಂಬ ಹೊತ್ತು ತೆಗೆಯಲಿಲ್ಲ.

ಮೋಲ್ಡ್ ಬಿತ್ತು, ಸರಳು ಕಟ್ಟಿದರು, ಎಡಭಾಗ ಅದೇ ಇಟ್ಟಿಗೆಯಲ್ಲಿ ಮತ್ತೆ ಎದ್ದಿತು. ಹಿಂದೆ ಎರಡನೆಯ ಅಂತಸ್ತು ಏರುವ ಹೊತ್ತಿಗೆ ಮುಂಗೋಡೆಯಲ್ಲಿ ಮಾಡಲು ಬಾಕಿ ಇದ್ದ ಕೆಲಸ ಎಡಗಡೆಯ ತೋರಣ ಒಂದೇ. ಬಲಗಡೆಯ ಎಲೆಗಳಿಂದ ಅಚ್ಚು ತೆಗೆದು ಎರಕ ಹೊಯ್ದರೆ ಎರಡೂ ಕಡೆ ಒಂದೇ ಸಮ ಕಾಣುತ್ತದೆ ಎಂದು ಪಾಲಾಕ್ಷ ಮೈಸೂರಿನಿಂದ ಅಚ್ಚಿನವನೊಬ್ಬನನ್ನು ಗೊತ್ತುಮಾಡಿದ್ದ. ಅವನು ಬರಲು ನಾಲ್ಕು ದಿನವಿತ್ತು.

ಆ ನಾಲ್ಕು ದಿನದಲ್ಲಿ ಸಣ್ಣಯ್ಯ ತಾನಾಗಿಯೇ ಬಂದು, ಅವ್ವ, ಒಂದಿಷ್ಟು ಗಾರೆ ಅರೆದುಕೊಡು, ಕೈ ನೋಡುತ್ತೇನೆ ಅಂದ. ಗಾರೆ ಮುದುಕರ ಕೆಲಸ ಅಂದವನು ಇವನೇ. ಮಾಯಮ್ಮ ಅದನ್ನು ಎತ್ತಿ ಆಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲಿನ ಮುಂದೆ ಕೂತು, ಮೊದಲಿನ ಹಾಗೇ ಕಾಡಿಗೆಯ ಹದಕ್ಕೆ ಅರೆದು ಕೊಟ್ಟಳು. ಅವನು ಮೇಲೆ, ಇವಳು ಕೆಳಗೆ. ಅವನು ಕರಣೆ ಹಿಡಿದು ಪರದಾಡಿದ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಹೆಬ್ಬೆರಳು ಹಾಕಿದ.

ಸತ್ಯ ಹೇಳಬೇಕೆಂದರೆ ಅವನ ತೋರಣ ಚೆನ್ನಾಗಿ ಬರಲಿಲ್ಲ. ಎಲೆಗಳು ದಪ್ಪ ದಪ್ಪ, ಒಂದು ಉದ್ದ ಒಂದು ಗಿಡ್ಡ, ಮಾವಿನೆಲೆಗಿಂತ ಎಕ್ಕದೆಲೆಗೇ ಹತ್ತಿರ. ನಾಲ್ಕನೆಯ ದಿನ ಪಾಲಾಕ್ಷ ಬಂದು ರಸ್ತೆಯಲ್ಲಿ ನಿಂತು ಬಲಗಡೆ ನೋಡಿದ, ಎಡಗಡೆ ನೋಡಿದ. ಹುಡುಗನ ಮನಸ್ಸಿಗೆ ನೋವಾಗದ ಹಾಗೆ, ಕೆಲಸ ಗಟ್ಟಿಯಾಗಿದೆ, ಆದರೆ ಎರಡು ಕಡೆಯೂ ಹೊಂದುವುದಿಲ್ಲ, ನಾಳೆ ಇದನ್ನು ಕೆರೆದು ತೆಗೆಸಿ ಅಚ್ಚಿನದನ್ನು ಕೂರಿಸೋಣ ಅಂದ. ಸಾರುವೆಯ ಮೇಲೆ ಸಣ್ಣಯ್ಯ ತಲೆ ತಗ್ಗಿಸಿ ಕೈಯ ಗಾರೆಯನ್ನು ಉಜ್ಜಿಕೊಳ್ಳುತ್ತಾ ಕೂತ. ಅವನೂ ಇನ್ನೇನು ಹೌದು ಸಾ ಅನ್ನುವುದರಲ್ಲಿದ್ದ.

ಮಾಯಮ್ಮ ಅರೆಯುವ ಕಲ್ಲು ಬಿಟ್ಟು ಎದ್ದು ಬಂದು ಪಾಲಾಕ್ಷನ ಪಕ್ಕದಲ್ಲಿ ನಿಂತಳು. ಅವಳೂ ಬಲಗಡೆ ನೋಡಿದಳು, ಎಡಗಡೆ ನೋಡಿದಳು.

"ಬುದ್ದಿ ಬಂದ್ಮ್ಯಾಕೆ ಅಪ್ಪನ ಪಕ್ದಾಗೆ ಕೂತ್ಕಳ ಭಾಗ್ಯ ಇವ್ನಿಗೆ ಬರ್ನಿಲ್ಲ ಸಾ," ಎಂದಳು. "ಈಗ ಬಂದು ಕೂತವ್ನೆ. ಎಬ್ಬಿಸ್ಬ್ಯಾಡಿ."

ಪಾಲಾಕ್ಷ ಅಂದೇ ಮೈಸೂರಿಗೆ ತಂತಿ ಕೊಟ್ಟು, ಅಚ್ಚಿನವನು ಬರುವುದು ಬೇಡವೆಂದು ತಿಳಿಸಿದ.